ನಿಮಗಿದು ಗೊತ್ತೆ? ಸಾವಿನ ತನಿಖೆಗೂ ಬೇಕು ಉಪ್ಪು
ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ವಿಷದ ಶಂಕೆಯ ಸಾವಾದರೆ, ‘ವಿಸೆರಾ’ ಸಾಮಾನ್ಯವಾಗಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ವಿಸೆರಾ ಎಂದರೆ ಮೃತದೇಹದಿಂದ ತೆಗೆದ ಒಳಾಂಗಗಳು: ಜಠರ, ಸುಮಾರು 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ. ಕೆಡದಂತೆ ಬಹುತೇಕ ಹಾಕುವುದು ಬರೀ ಉಪ್ಪುನೀರು, ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ್ದು. ಅದೇ ನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಸೀಲು ಹಾಕಿ ಕಳಿಸಬೇಕು. ವಿಷ ಉಪ್ಪುನೀರಿನಲ್ಲೇ ಇತ್ತೆಂದು ವಕೀಲರು ತಕರಾರು ತೆಗೆಯಬಾರದಲ್ಲ!

ಸೋಜಿಗವೆಂದರೆ, ಉಸಿರು ನಿಂತ ಮೇಲೂ ಔಷಧ ಇದ್ದಲ್ಲೇ ಇರುವುದಿಲ್ಲ. ಯಕೃತ್ತು, ಶ್ವಾಸಕೋಶಗಳಲ್ಲಿ ಸೇರಿಕೊಂಡಿದ್ದ ಕೆಲವು ಔಷಧಗಳು ಮೆಲ್ಲಗೆ ಹೃದಯದ ರಕ್ತಕ್ಕೆ ಸೋರುತ್ತವೆ. ಆ ರಕ್ತವನ್ನಷ್ಟೇ ನಂಬಿದರೆ, ವೈದ್ಯರು ಬರೆದುಕೊಟ್ಟ ಮಾಮೂಲಿ ಮಾತ್ರೆಯೂ ಮಿತಿಮೀರಿದಂತೆ ಕಾಣಬಹುದು. ಹಾಗಾಗಿ ಪ್ರಮಾಣ ಅಳೆಯಲು ತೊಡೆಯ ರಕ್ತನಾಳದ ರಕ್ತವೇ ಮೇಲು. ಯಕೃತ್ತಿನಲ್ಲಿ ಸಿಕ್ಕ ಪ್ರಮಾಣವನ್ನು ಅದರೊಂದಿಗೆ ತಾಳೆ ನೋಡುತ್ತಾರೆ.