ವೈಭವದ ರೈಲುಬೋಗಿಗಳ ಗುರುತು

1918ನೆಯ ಇಸವಿ ನವೆಂಬರ್ 11ರಂದು ಮೊದಲನೆಯ ಮಹಾಯುದ್ಧದ ಕದನವಿರಾಮಕ್ಕೆ ಸಹಿಯಾದುದು ಫ್ರಾನ್ಸಿನ ಕಾಂಪಿಯೇನ್ ಅರಣ್ಯದಲ್ಲಿ, ಒಂದು ರೈಲುಬೋಗಿಯೊಳಗೆ. ವಾಗೋಂ-ಲೀ ಕಂಪೆನಿಯ 2419ನೆಯ ಸಂಖ್ಯೆಯ ಊಟದ ಬೋಗಿ ಅದು. ಆಗ ಸೇನಾಪತಿ ಫಾಶನ ಕಚೇರಿಯಾಗಿ ಮಾರ್ಪಟ್ಟಿತ್ತು. ಇಂದು ಅಲ್ಲಿಗೆ ಹೋದವರು ಅದೇ ಸಂಖ್ಯೆಯ ಬೋಗಿಯನ್ನು ನೋಡುವರು. ಆದರೆ ಅದು ಇದಲ್ಲ! ಮೂಲ ಬೋಗಿ 1945ರಲ್ಲಿ ಜರ್ಮನಿಯಲ್ಲಿ ನಾಶವಾಯಿತು. ಅದರ ಜೊತೆಯದೇ ಆದ 2439ನೆಯ ಬೋಗಿಗೆ ಹಳೆಯ ಸಂಖ್ಯೆಯನ್ನು ಬರೆದು 1950ರಲ್ಲಿ ಅಲ್ಲಿರಿಸಿದರು. ಇದು ಮುಚ್ಚಿಟ್ಟ ಸಂಗತಿಯೇನಲ್ಲ. ಆದರೂ ಸಂಖ್ಯೆಯೊಂದನ್ನೇ ನಂಬುವವನು ಮೋಸಹೋಗುವನು.

ಹಾಗಾದರೆ ಬಣ್ಣವನ್ನು ನಂಬೋಣವೆ? ಈ ಕಂಪೆನಿಯ ಹಳೆಯ ಬೋಗಿಗಳ ಮೈ ಬಹುಮಟ್ಟಿಗೆ ತೇಗದ ಮರದ್ದು. ಅದರ ಮೇಲೆ ಬರಿಯ ವಾರ್ನಿಷು. 1922ರಲ್ಲಿ ಉಕ್ಕಿನ ಮಲಗುವ ಬೋಗಿಗಳು ಬಂದಾಗ ಕಡುನೀಲಿ ಬಣ್ಣವೂ ಹೊನ್ನಿನ ಗೆರೆಗಳೂ ಬಂದವು. ಕಲೇ ಬಂದರಿನಿಂದ ಮೆಡಿಟರೇನಿಯನ್ ತೀರಕ್ಕೆ ಓಡುತ್ತಿದ್ದ ಗಾಡಿಯನ್ನು ಜನರು 'ನೀಲಿ ರೈಲು' ಎಂದೇ ಕರೆದರು. ಪುಲ್‌ಮನ್ ಬೋಗಿಗಳಾದರೋ ಮೊದಲು ಕಂದು ಮತ್ತು ಕೆನೆಬಣ್ಣ, ಅನಂತರ ನೀಲಿ ಮತ್ತು ಕೆನೆಬಣ್ಣ. ಒಂದೇ ಬೋಗಿಗೆ ಒಂದೇ ಆಯುಷ್ಯದಲ್ಲಿ ಎರಡು ವೇಷ!

ಹಳೆಯ ಛಾಯಾಚಿತ್ರಗಳು ಈ ಗೊಂದಲವನ್ನು ಹೆಚ್ಚಿಸುತ್ತವೆ. ಇಲ್ಲಿ ಭೌತವಿಜ್ಞಾನ ನಮ್ಮ ನೆರವಿಗೆ ಬರುತ್ತದೆ. ಅಂದಿನ ಅನೇಕ ಛಾಯಾಫಲಕಗಳು ನೀಲಿ ಹಾಗೂ ಹಸಿರು ಕಿರಣಗಳನ್ನು ಗ್ರಹಿಸುತ್ತಿದ್ದವು. ಕೆಂಪಿಗೆ ಅವು ಕುರುಡು. ವಾರ್ನಿಷು ಹಚ್ಚಿದ ತೇಗವು ಪ್ರತಿಫಲಿಸುವುದು ಹೆಚ್ಚಾಗಿ ಕೆಂಪು, ಹಳದಿ ಕಿರಣಗಳನ್ನು. ಆದುದರಿಂದ ಕಣ್ಣಿಗೆ ಜೇನಿನಂತೆ ಹೊಳೆಯುವ ಮರವು ಚಿತ್ರದಲ್ಲಿ ಹೆಚ್ಚುಕಡಮೆ ಕಪ್ಪಾಗಿ ಮೂಡುತ್ತದೆ. ನೀಲಿಯೋ, ನಿಜಕ್ಕಿಂತ ತೆಳುವಾಗಿ. 'ಕಪ್ಪಾಗಿದೆ, ಆದುದರಿಂದ ಇದು ನೀಲಿ ಬೋಗಿ' ಎಂದು ತರ್ಕಿಸುವವನು ತಪ್ಪುದಾರಿ ಹಿಡಿದಂತೆಯೇ. ಮರದ ಹಲಗೆಗಳ ಸಂದುಗಳು ಕಾಣುವುವೋ, ಉಕ್ಕಿನ ತಗಡಿನ ರಿವೆಟ್ಟುಗಳು ಕಾಣುವುವೋ ಎಂದು ನೋಡುವುದು ಲೇಸು. ಆಕಾರಕ್ಕೆ ಫಲಕದ ಕುರುಡು ತಟ್ಟದು.

ಬೋಗಿಯೇ ಕೈಗೆ ಸಿಕ್ಕಿದರೆ ಇನ್ನೊಂದು ಉಪಾಯವುಂಟು. ಮೂಲೆಯಿಂದ ಬಣ್ಣದ ಒಂದು ಸಣ್ಣ ಚಕ್ಕೆಯನ್ನು ತೆಗೆದು, ಅದರ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ, ಬಳಿದ ಪದರಗಳೆಲ್ಲ ಮರದ ಉಂಗುರಗಳಂತೆ ಕ್ರಮವಾಗಿ ಕಾಣುತ್ತವೆ. ಅಲ್ಲಿಯೂ ಒಂದು ತೊಡಕು: ಹಳೆಯ ವಾರ್ನಿಷು ಕಾಲಕ್ರಮದಲ್ಲಿ ಹಳದಿಯಾಗಿ ನೀಲಿ ಕಿರಣಗಳನ್ನು ಹೀರತೊಡಗುತ್ತದೆ. ಅದರಡಿಯ ನೀಲಿ ಹಸಿರಾಗಿ ತೋರುತ್ತದೆ. ಅದನ್ನೇ ಮೂಲಬಣ್ಣವೆಂದು ತಿಳಿದು ಇಡೀ ಬೋಗಿಗೆ ಬಳಿದರೆ, ಎಂದೂ ಯಾವ ಹಳಿಯ ಮೇಲೂ ಓಡದ ಬೋಗಿಯೊಂದು ಸಿದ್ಧವಾಗುತ್ತದೆ. ಆದಕಾರಣ ಬಲ್ಲ ಕುಶಲಿಗಳು ಮೊದಲು ವಾರ್ನಿಷನ್ನು ನಿವಾರಿಸಿ, ಅನಂತರವೇ ಬಣ್ಣವನ್ನು ಹೋಲಿಸುವರು.