ಟಿಡಿಎಸ್ ಮೀಟರಿಗೆ ಕಾಣದ ಗಡಸು

ಬೆಂಗಳೂರಿನಲ್ಲಿ ಹೊಸದಾಗಿ ಕಾಫಿ ಅಂಗಡಿ ತೆರೆಯುವವರು ಬೀಜ ಯಾವ ತೋಟದ್ದು, ಚಿಕೋರಿ ಎಷ್ಟಿರಬೇಕು, ಯಂತ್ರ ಯಾವ ಕಂಪನಿಯದು ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ನೀರಿನ ಮಾತು ಬರುವುದು ಕೊನೆಯ ವಾರದಲ್ಲಿ. ಫಿಲ್ಟರ್ ಮಾರುವವರು ಬಂದು ಲೋಟದ ನೀರಿಗೆ ಟಿಡಿಎಸ್ ಮೀಟರ್ ಅದ್ದುತ್ತಾರೆ, ಮೂಡಿದ ಅಂಕಿ ತೋರಿಸಿ ಹೆದರಿಸುತ್ತಾರೆ, ಆರ್‌ಒ ಕೂರಿಸಿ ಹೋಗುತ್ತಾರೆ. ಹಾಲು ಬೆರೆಸದ ಡ್ರಿಪ್ ಕಾಫಿಯಲ್ಲಿ ನೂರಕ್ಕೆ 98 ಪಾಲು ನೀರೇ. ಅದನ್ನು ಒಂದೇ ಒಂದು ಅಂಕಿಯ ಮೇಲೆ ತೀರ್ಮಾನಿಸುವುದು ಸರಿಯಲ್ಲ.

ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಒಟ್ಟು ಲವಣ ಎಷ್ಟೆಂದು ಅಂದಾಜು ಸಿಗುತ್ತದೆ, ಯಾವ ಲವಣ ಎಂಬುದು ಗೊತ್ತಾಗುವುದಿಲ್ಲ. ಕಾಫಿಯವರಿಗೆ ಬೇಕಾದದ್ದು ಬೇರೆ ಎರಡು ಲೆಕ್ಕ. ಒಂದು ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇನ್ನೊಂದು ಕ್ಷಾರೀಯತೆ, ಅಂದರೆ ಮುಖ್ಯವಾಗಿ ಬೈಕಾರ್ಬೊನೇಟ್. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಬೋರ್ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆ ಅದೇ. ಹಂಡೆಯನ್ನಾದರೆ ಉಜ್ಜಿ ತೊಳೆಯಬಹುದು. ಎಸ್ಪ್ರೆಸೊ ಯಂತ್ರದ ಸಣ್ಣ ನಳಿಕೆ, ವಾಲ್ವುಗಳಲ್ಲಿ ಕಟ್ಟಿಕೊಂಡರೆ ಮೆಕ್ಯಾನಿಕ್ ಬಂದು ಎಲ್ಲವನ್ನೂ ಬಿಚ್ಚಬೇಕು.

ರುಚಿಯ ಕಥೆಯೂ ಇವೆರಡಕ್ಕೇ ಸೇರಿದ್ದು. ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಮತ್ತು ಇಂಗ್ಲೆಂಡಿನ ಬಾತ್ ಊರಿನ ಕಾಫಿ ಅಂಗಡಿಯ ಮ್ಯಾಕ್ಸ್‌ವೆಲ್ ಕೊಲೊನಾ-ಡ್ಯಾಶ್‌ವುಡ್ 2014ರಲ್ಲಿ ಪ್ರಕಟಿಸಿದ ಪ್ರಬಂಧ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಪುಡಿಯಿಂದ ರುಚಿಯ ಅಂಶಗಳನ್ನು ಸೆಳೆಯುವ ಬಗೆಯನ್ನು ವಿವರಿಸಿತು. ಅಂದರೆ ಸ್ವಲ್ಪ ಗಡಸು ಬೇಕೇ ಬೇಕು. ಬೈಕಾರ್ಬೊನೇಟ್ ಮಾತ್ರ ಹೆಚ್ಚಾದರೆ ಕಾಫಿಯ ಹಿತವಾದ ಹುಳಿಯನ್ನೆಲ್ಲ ತಣಿಸಿ ಸಪ್ಪೆ ಮಾಡಿಬಿಡುತ್ತದೆ. ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘ 2009ರಲ್ಲಿ ಕೊಟ್ಟ ಅಳತೆ ಹೀಗಿದೆ: ಲೀಟರಿಗೆ ಕ್ಯಾಲ್ಸಿಯಂ ಗಡಸು 68 ಮಿಲಿಗ್ರಾಂ, ಕ್ಷಾರೀಯತೆ 40ರ ಆಸುಪಾಸು, ಸೋಡಿಯಂ 10, ಒಟ್ಟು ಲವಣ 150. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಗಡಸನ್ನು 200ರೊಳಗೆ ಇರಲಿ ಎನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಆದ್ದರಿಂದ ಕುಡಿಯಲು ಯೋಗ್ಯ ಎಂಬ ವರದಿ ಕೈಯಲ್ಲಿದ್ದ ಮಾತ್ರಕ್ಕೆ ಯಂತ್ರ ಸುರಕ್ಷಿತ ಎಂದಲ್ಲ.

ಹೆಚ್ಚು ದುಡ್ಡು ದಂಡವಾಗುವುದು ಸಾಫ್ಟನರ್ ವಿಷಯದಲ್ಲಿ. ಇದು ನೀರಿನಿಂದ ಲವಣವನ್ನು ತೆಗೆದುಹಾಕುವುದಿಲ್ಲ. ಅದರೊಳಗಿನ ರೆಸಿನ್ ಎಂಬ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಗಡಸು 400 ಇರುವ ಬೋರ್ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬೈಕಾರ್ಬೊನೇಟ್ ಒಂದಿಷ್ಟೂ ಇಳಿಯುವುದಿಲ್ಲ. ಪೊರೆ ಕಟ್ಟುವುದು ನಿಲ್ಲುತ್ತದೆ, ನಿಜ. ಆದರೆ ಕಾಫಿ ಸಪ್ಪೆಯಾಗುತ್ತದೆ, ಎಸ್ಪ್ರೆಸೊ ಇಳಿಯುವುದೂ ನಿಧಾನ. ಗಡಸು ಜಾಸ್ತಿ ಇರುವ ಕಡೆ ಸಾಫ್ಟನರ್ ನೀರು ಲೋಟ ತೊಳೆಯುವ ಯಂತ್ರಕ್ಕೆ ಹೋಗಲಿ, ಡಿಕಾಕ್ಷನ್‌ಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವುದಾದರೆ ಲೆಕ್ಕ ಸುಲಭ: ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ. ಹತ್ತು ಲೀಟರ್ ರೆಸಿನ್ ಇದ್ದರೆ 400ರ ನೀರು 1,250 ಲೀಟರ್ ಹರಿಯುವಷ್ಟರಲ್ಲಿ ಮತ್ತೆ ಉಪ್ಪುನೀರು ಹಾಯಿಸಬೇಕು.

ಕೊಳವೆಗೆ ಅಂಟಿಸುವ ಆಯಸ್ಕಾಂತದ ಸಾಧನ ಗಡಸನ್ನು ತೆಗೆಯುವುದೇ ಇಲ್ಲ. ಅದಕ್ಕೆ ಹಣ ಹಾಕಬೇಡಿ.

ಇಷ್ಟು ತಿಳಿದ ಮೇಲೆ ಆಯ್ಕೆ ನೀರಿನ ಮೂಲವನ್ನು ಅವಲಂಬಿಸಿದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ಊರಿನ ಬೋರ್ ನೀರಿನಷ್ಟು ಗಡಸಲ್ಲ. ಅದು ನಿತ್ಯ ಬರುವ ಅಂಗಡಿಗೆ ಆರ್‌ಒ ಬೇಕಾಗುವುದು ಅಪರೂಪ. ಮಣ್ಣು ತಡೆಯಲು 5 ಮೈಕ್ರಾನ್ ಫಿಲ್ಟರ್, ಕ್ಲೋರಿನ್ ತೆಗೆಯಲು ಇದ್ದಿಲಿನ ಫಿಲ್ಟರ್, ಪರೀಕ್ಷೆಯಲ್ಲಿ ಬೇಕೆನಿಸಿದರೆ ಕಾಫಿ ಯಂತ್ರಗಳಿಗೆಂದೇ ಬರುವ ಕಾರ್ಟ್ರಿಜ್. ಈ ಕಾರ್ಟ್ರಿಜ್‌ಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಹಿಡಿದು ಹೈಡ್ರೋಜನ್ ಬಿಡುವಂಥವು. ಗಡಸಿನ ಜೊತೆ ಕ್ಷಾರೀಯತೆಯೂ ಇಳಿಯುತ್ತದೆ. ಕ್ಲೋರಿನ್ ಹೋದ ನೀರನ್ನು ಟ್ಯಾಂಕಿನಲ್ಲಿ ಕೂಡಿಡಬೇಡಿ, ಸೂಕ್ಷ್ಮಜೀವಿ ಬೆಳೆಯುತ್ತದೆ. ಇದ್ದಿಲಿನ ಫಿಲ್ಟರ್ ಯಂತ್ರದ ಪಕ್ಕದಲ್ಲೇ ಇರಲಿ.

ಬರೀ ಬೋರ್ ನೀರಾದರೆ ಆರ್‌ಒ ಬೇಕು, ಆದರೆ ಆರ್‌ಒ ನೀರನ್ನೇ ನೇರ ಬಳಸಬಾರದು. ರುಚಿ ಎಳೆಯುವ ಖನಿಜವೇ ಇಲ್ಲದ ಆ ನೀರು ಲೋಹವನ್ನೂ ತಿನ್ನುತ್ತದೆ. ಬಾಯ್ಲರಿನಲ್ಲಿ ನೀರಿನ ಮಟ್ಟ ಗುರುತಿಸುವ ಕಡ್ಡಿ ವಿದ್ಯುತ್ ಹರಿದರೆ ಮಾತ್ರ ನೀರಿದೆ ಎಂದು ತಿಳಿಯುತ್ತದೆ. ಲವಣವಿಲ್ಲದ ನೀರಿನಲ್ಲಿ ಅದು ಮೋಸಹೋಗಿ ಬಾಯ್ಲರ್ ಮಿತಿಮೀರಿ ತುಂಬಿಕೊಳ್ಳಬಹುದು. ಹಾಗಾಗಿ ಬೆರೆಸುವ ವಾಲ್ವ್ ಇರುವ ಆರ್‌ಒ ಕೇಳಿ ತೆಗೆದುಕೊಳ್ಳಿ. ಆರ್‌ಒ ನೀರಿನ ಗಡಸು 10, ಮೂಲದ್ದು 400 ಇದ್ದರೆ, ನೂರರಲ್ಲಿ 15 ಪಾಲು ಇದ್ದಿಲಿನಲ್ಲಿ ಸೋಸಿದ ಮೂಲ ನೀರು ಸೇರಿಸಿದಾಗ ಗಡಸು ಸುಮಾರು 70ಕ್ಕೆ ನಿಲ್ಲುತ್ತದೆ. ಬೆರೆಸುವ ನೀರಿಗೆ ಯುವಿ ಹಾಯಿಸಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಇರುವ ಬೋರ್ ನೀರಾದರೆ, ಅಥವಾ ನೈಟ್ರೇಟ್ ಹೆಚ್ಚಿದ್ದರೆ, ಬೆರೆಸುವ ಯೋಚನೆ ಬಿಟ್ಟು ಆರ್‌ಒ ನಂತರ ಖನಿಜ ಸೇರಿಸುವ ಕಾರ್ಟ್ರಿಜ್ ಹಾಕಿಸಿ.

ಬೆಂಗಳೂರಿನ ನಿಜವಾದ ಕಷ್ಟ ಸಂಪಿನಲ್ಲಿದೆ. ಸೋಮವಾರ ಕಾವೇರಿ, ಗುರುವಾರ ಟ್ಯಾಂಕರ್, ನಡುವೆ ಕಟ್ಟಡದ ಬೋರ್. ಎಲ್ಲ ಒಂದೇ ಗುಂಡಿಗೆ ಬೀಳುತ್ತವೆ. 2024ರ ಬೇಸಿಗೆಯಲ್ಲಿ ಟ್ಯಾಂಕರನ್ನೇ ನೆಚ್ಚಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಜನವರಿಯಲ್ಲಿ ಹೊಂದಿಸಿದ ವಾಲ್ವ್ ಏಪ್ರಿಲ್‌ಗೆ ಸರಿಹೋಗುವುದಿಲ್ಲ. ಗಡಸು ಮತ್ತು ಕ್ಷಾರೀಯತೆ ಎರಡಕ್ಕೂ ಹನಿ ಪರೀಕ್ಷೆಯ ಕಿಟ್ ಸಿಗುತ್ತದೆ, ದುಬಾರಿಯೂ ಅಲ್ಲ. ಗಡಸಿನ ಪರೀಕ್ಷೆಯಲ್ಲಿ ಕೆಂಪು ನೀರು ನೀಲಿಯಾಗುವವರೆಗೆ ಎಷ್ಟು ಹನಿ ಬಿತ್ತು ಎಂದು ಎಣಿಸಿದರಾಯಿತು. ಅಂಗಡಿಯ ಹುಡುಗರು ಒಂದೇ ಸಲಕ್ಕೆ ಕಲಿಯುತ್ತಾರೆ. ಫಿಲ್ಟರ್ ಕೊಳ್ಳುವ ಮೊದಲು ಒಮ್ಮೆ ಪ್ರಯೋಗಾಲಯದಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ, ಕ್ಲೋರೈಡ್ ಎಷ್ಟೆಂದೂ ಕೇಳಿ, ಏಕೆಂದರೆ ಅದು ಸ್ಟೀಲನ್ನು ತಿನ್ನುತ್ತದೆ ಮತ್ತು ಸಾಫ್ಟನರಿಗೆ ಜಗ್ಗುವುದಿಲ್ಲ. ಆಮೇಲೆ ವಾರಕ್ಕೊಮ್ಮೆ ಹನಿ ಪರೀಕ್ಷೆ ಸಾಕು. ಹೊಸ ಟ್ಯಾಂಕರ್ ಬಂದ ದಿನ ಮಾತ್ರ ಪೈಪ್ ಸಂಪಿಗೆ ಇಳಿಸುವ ಮೊದಲೇ ಮಾಡಿ.