ಅವಕಲನ ಮೊದಲೋ, ಪರಿಷ್ಕಾರ ಮೊದಲೋ?

ಒಂದು ರಾಶಿ ತುಸು ಬದಲಾದರೆ ಅದನ್ನವಲಂಬಿಸಿದ ಇನ್ನೊಂದು ರಾಶಿ ಯಾವ ವೇಗದಿಂದ ಬದಲಾಗುವುದೆಂಬುದನ್ನು ತಿಳಿಸುವ ಗಣಿತವೇ ಅವಕಲನ. ಯಂತ್ರಗಳಿಗೆ ಕಲಿಸುವ ವಿದ್ಯೆಗೆ ಇಂದು ಇದೇ ಆಧಾರ. ಲೆಕ್ಕದ ಕ್ರಮವಿಧಿಯೊಂದನ್ನು ಕೊಟ್ಟರೆ ಅದರ ಅವಕಲನದ ಕ್ರಮವಿಧಿಯನ್ನು ಗಣಕಯಂತ್ರವೇ ರಚಿಸಬಲ್ಲುದು. ಫಲದಿಂದ ಹಿಮ್ಮುಖವಾಗಿ ನಡೆಯುವ ವಿಧಾನವನ್ನು 1970ರಲ್ಲಿ ಫಿನ್ಲೆಂಡಿನ ಸೆಪ್ಪೊ ಲಿನ್ನೈನ್ಮಾ ವಿವರಿಸಿದರು. ಮೂಲರಾಶಿಗಳು ಸಹಸ್ರಾರಿದ್ದರೂ, ಮೂಲ ಲೆಕ್ಕದ ನಾಲ್ಕೈದು ಪಟ್ಟು ಶ್ರಮದಲ್ಲಿ ಎಲ್ಲದರ ಅವಕಲನವೂ ಇದರಿಂದ ದೊರೆಯುತ್ತದೆ.

ಇದು ಕಾಗದದ ಮೇಲಿನ ಮಾತು. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಎಷ್ಟು ಹೊತ್ತಿಗೆ ಬರುವುದೆಂಬುದೇ ತೊಡಕು.

ಸಾವಿರ ಸಂಖ್ಯೆಗಳಿವೆಯೆನ್ನೋಣ. ಅವೆಲ್ಲದರ ವರ್ಗಗಳ ಮೊತ್ತದ ವರ್ಗಮೂಲದಿಂದ ಪ್ರತಿಯೊಂದನ್ನೂ ಭಾಗಿಸಬೇಕು. ಪ್ರತಿ ಭಾಗಾಕಾರದಲ್ಲಿಯೂ ಆ ವರ್ಗಮೂಲವನ್ನು ಹೊಸದಾಗಿ ಕಂಡುಹಿಡಿಯುವಂತೆ ಬರೆದಿದ್ದರೆ ಹತ್ತು ಲಕ್ಷ ವರ್ಗಗಳನ್ನು ಮಾಡಬೇಕಾಗುತ್ತದೆ. ಕ್ರಮವಿಧಿಯನ್ನು ಯಂತ್ರಭಾಷೆಗಿಳಿಸುವ ಕಂಪೈಲರು ಈ ದುಂದನ್ನು ಕಂಡು ವರ್ಗಮೂಲವನ್ನು ಆವರ್ತನೆಯ ಹೊರಕ್ಕೆ ತೆಗೆದಿಡುತ್ತದೆ. ಆಗ ಸಾವಿರ ವರ್ಗಗಳು ಸಾಕು. ಈ ಪರಿಷ್ಕಾರದ ತರುವಾಯ ಅವಕಲನ ನಡೆದರೆ ಅದೂ ಅಷ್ಟೇ ಮಿತವ್ಯಯದ್ದಾಗುತ್ತದೆ. ಅವಕಲನವೇ ಮೊದಲಾದರೆ? ಹಿಮ್ಮುಖ ಲೆಕ್ಕದಲ್ಲಿ ಪ್ರತಿ ಭಾಗಾಕಾರವೂ ವರ್ಗಮೂಲದ ಹಾದಿಯಾಗಿ ಸಾವಿರ ಸಂಖ್ಯೆಗಳಿಗೂ ತನ್ನ ಪಾಲನ್ನು ಹಂಚುತ್ತದೆ. ಒಂದರ ಪಾಲು ಮತ್ತೊಂದರಂತಿಲ್ಲವಾದ್ದರಿಂದ ಅದನ್ನು ಹೊರಕ್ಕೆ ತೆಗೆಯುವುದು ಕಂಪೈಲರಿಗೆ ಸಾಧ್ಯವಾಗದು. ಹತ್ತು ಲಕ್ಷದ ಹೊರೆ ಹಾಗೆಯೇ ಉಳಿಯುತ್ತದೆ.

ಅಮೆರಿಕದ ಎಂ.ಐ.ಟಿ.ಯಲ್ಲಿ ವಿಲಿಯಂ ಮೋಸೆಸ್ ಮತ್ತು ವ್ಯಾಲೆಂಟಿನ್ ಚುರಾವಿ 2020ರಲ್ಲಿ ಪ್ರಕಟಿಸಿದ 'ಎಂಜೈಮ್', ಎಲ್‌ಎಲ್‌ವಿಎಂ ಎಂಬ ಕಂಪೈಲರಿನೊಳಗೆ, ಪರಿಷ್ಕಾರವಾದ ಮೇಲೆಯೇ ಅವಕಲನವನ್ನು ನಡೆಸುತ್ತದೆ. ಅವರ ಪರೀಕ್ಷೆಗಳಲ್ಲಿ, ಅವಕಲನವನ್ನು ಮೊದಲೇ ಮಾಡುವುದಕ್ಕಿಂತ ಈ ಕ್ರಮ ಸರಾಸರಿ 4.2 ಪಟ್ಟು ವೇಗವಾಗಿತ್ತು.

ಆದರೂ ಈ ವೇಗ ಪ್ರತಿ ಬಾರಿಯೂ ಕೈಗೆ ಸಿಕ್ಕುವುದೆಂದು ನಂಬುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಉತ್ತರಗಳನ್ನು ಬರೆಯುವ ಸ್ಥಳವೂ ಮೂಲಸಂಖ್ಯೆಗಳಿರುವ ಸ್ಥಳವೂ ಒಂದೇ ಆಗಿರಬಹುದೆಂಬ ಸಂಶಯ ಕಂಪೈಲರಿಗೆ ಬಂದರೆ ಸಾಕು, ಅದು ವರ್ಗಮೂಲವನ್ನು ಕದಲಿಸದು. ಒಂದು ಉತ್ತರವನ್ನು ಬರೆದೊಡನೆ ಮೊತ್ತವೇ ಬದಲಾಗಬಹುದಲ್ಲವೆ? ಸಂಶಯ ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಮ್ಮುಖವಾಗಿ ನಡೆಯಲು ಮುಮ್ಮುಖ ಲೆಕ್ಕದ ನಡುಬೆಲೆಗಳು ಬೇಕು. ಅವು ಅಳಿಸಿಹೋಗಬಹುದಾದರೆ ಒಂದೊಂದನ್ನೂ ಸ್ಮೃತಿಯಲ್ಲಿ ಕೂಡಿಡಬೇಕು. ಈ ಕಾಲದ ಯಂತ್ರಗಳಲ್ಲಿ ಗುಣಾಕಾರ ಅಗ್ಗ. ಸ್ಮೃತಿಗೆ ಹೋಗಿಬರುವುದೇ ದುಬಾರಿ. ಎರಡು ಸ್ಥಳಗಳೂ ಬೇರೆಯೆಂದು ಬರೆದವನು ಒಂದು ಪದದಲ್ಲಿ ವಚನ ಕೊಟ್ಟರೆ ಈ ಕೂಡಿಡುವಿಕೆ ಬಹುಪಾಲು ತಪ್ಪುತ್ತದೆ. ವಚನ ಸುಳ್ಳಾದರೆ ಮಾತ್ರ ಉತ್ತರವೇ ಕೆಡುತ್ತದೆ.

ಆದುದರಿಂದ ಅವಕಲನದ ಕಾಲವನ್ನು ಮೂಲ ಲೆಕ್ಕದ ಕಾಲದೊಡನೆ ಹೋಲಿಸಿ ನೋಡುವುದು ವಾಡಿಕೆ. ಅನುಪಾತ ನಾಲ್ಕೈದನ್ನು ಮೀರಿ ಬಹಳ ಮೇಲೇರಿದರೆ, ಯಾವ ಬೆಲೆಯನ್ನು ಏಕೆ ಕೂಡಿಡಬೇಕಾಯಿತೆಂಬುದನ್ನು ಎಂಜೈಮ್, ಕೇಳಿದವರಿಗೆ ಮುದ್ರಿಸಿ ತೋರಿಸುತ್ತದೆ.